ಕೋಳಿಮರಿಗಳ ಕುಕ್ಕಾಟ



ಈ ದಿನದ ನನ್ನ ವಿಷಯವು ಪಟ್ಟಣವಾಸಿಗಳಾದ ತಮಗೆ ಕೊಂಚ ವಿನೋದವಾಗಿ ತೋರಬಹುದು. ಕೋಳಿಮರಿಗಳು ಒಂದನ್ನೊಂದು ಏಕೆ ಕುಕ್ಕುತ್ತವೆ, ಅದನ್ನು ನಿಲ್ಲಿಸುವ ಬಗೆ ಹೇಗೆ ಎಂಬುದೇ ಆ ವಿಷಯ. ಕಾಲೇಜಿನ ಅಧ್ಯಾಪಕನಿಗೆ ಇದರ ಗೊಡವೆ ಏಕೆಂದು ತಾವು ಕೇಳಿದರೆ, ಇದು ಒಂದು ಮರಿಯ ಪ್ರಾಣವನ್ನು ತೆತ್ತು ನಾನು ಕಲಿತ ಪಾಠವೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ನಮ್ಮ ಮನೆಯಿರುವುದು ಗೊರಗುಂಟೆಪಾಳ್ಯದಲ್ಲಿ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಆ ಸ್ಥಳದಲ್ಲಿ ಲಾರಿಗಳ ಸದ್ದಿನ ನಡುವೆ ಕೋಳಿಯ ಕೂಗು ಕೇಳುವುದು ಅಪರೂಪ. ಮಕ್ಕಳ ಹಟಕ್ಕೆ ಮಣಿದು ಹದಿನೈದು ಗಿರಿರಾಜ ಮರಿಗಳನ್ನು ತಂದೆವು. ಹೆಬ್ಬಾಳದ ವಿಜ್ಞಾನಿಗಳು ಹಿತ್ತಿಲಲ್ಲಿ ಸಾಕಲೆಂದು ರೂಪಿಸಿದ ತಳಿ ಅದು. ನಮಗೆ ಹಿತ್ತಿಲೆಲ್ಲಿಯದು? ಮಹಡಿಯ ಕೊಠಡಿಯಲ್ಲಿ 2 ಅಡಿ ಉದ್ದ, ಒಂದೂವರೆ ಅಡಿ ಅಗಲದ ರಟ್ಟಿನ ಪೆಟ್ಟಿಗೆಯನ್ನಿಟ್ಟು, ಮೇಲೆ 100 ವಾಟಿನ ದೀಪವನ್ನು ಹಗಲೂ ರಾತ್ರಿಯೂ ಉರಿಸಿ, ಒಂದೇ ತಟ್ಟೆಯಲ್ಲಿ ನುಚ್ಚಕ್ಕಿಯನ್ನು ಹಾಕುತ್ತ ಬಂದೆವು. ಮೂರನೆಯ ವಾರದ ಒಂದು ಬೆಳಗ್ಗೆ ಎಲ್ಲಕ್ಕಿಂತ ಚಿಕ್ಕ ಮರಿಯ ಬಾಲದ ಬುಡದಲ್ಲಿ ಒಂದು ಹನಿ ರಕ್ತ ಕಂಡಿತು. ಸಂಜೆ ನಾನು ಹಿಂದಿರುಗುವ ವೇಳೆಗೆ ಅದು ಸತ್ತಿತ್ತು. ಉಳಿದುವು ಅದನ್ನು ಇನ್ನೂ ಕುಕ್ಕುತ್ತಲೇ ಇದ್ದುವು. ಅವೆಲ್ಲವೂ ದುಷ್ಟ ಮರಿಗಳೆಂದು ಮಕ್ಕಳು ತೀರ್ಪು ಕೊಟ್ಟರು.

ಆ ತೀರ್ಪು ಸರಿಯೆ? ಕುಕ್ಕುವುದರಲ್ಲಿ ಎರಡು ಬಗೆಗಳಿವೆಯೆಂಬುದನ್ನು ಮೊದಲು ತಿಳಿಯಬೇಕು. ನಾರ್ವೆ ದೇಶದ ಷೆಲ್ಡೆರುಪ್-ಎಬ್ಬೆ ಎಂಬಾತನು ಬಾಲ್ಯದಿಂದಲೂ ಕೋಳಿಗಳನ್ನು ಗಮನಿಸುತ್ತ ಬಂದು, ಅವುಗಳಲ್ಲಿ ಮೇಲುಕೀಳಿನ ಕ್ರಮವೊಂದಿದೆಯೆಂದು 1920ರ ದಶಕದ ಆರಂಭದಲ್ಲಿ ಪ್ರಕಟಪಡಿಸಿದನು. ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ. ಕೆಳಗಿನದು ಸರಿದು ದಾರಿಬಿಡುತ್ತದೆ. ಈ ಕುಕ್ಕು ಬಹುಮಟ್ಟಿಗೆ ತಲೆಗೆ ಬೀಳತಕ್ಕದ್ದು, ಗಾಯಮಾಡುವುದು ಕಡಮೆ. ಕ್ರಮವು ನೆಲೆಗೊಂಡ ಮೇಲೆ ಜಗಳವೂ ತಗ್ಗುತ್ತದೆ.

ಎರಡನೆಯದೇ ಅಪಾಯಕರವಾದುದು. ಕೋಳಿಯ ಹುಟ್ಟುಗುಣವೆಂದರೆ ಹಗಲೆಲ್ಲ ನೆಲವನ್ನು ಕೆದರಿ, ಕುಕ್ಕಿ, ಆಹಾರವನ್ನು ಹುಡುಕುವುದು. ಕೆದರಲು ನೆಲವಿಲ್ಲದಾಗ ಆ ಕೊಕ್ಕು ನೆರೆಯ ಮರಿಯ ಗರಿಯ ಕಡೆಗೆ ತಿರುಗುತ್ತದೆ. ಗರಿ ಕಿತ್ತು ರಕ್ತ ಕಂಡಿತೆಂದರೆ, ಆ ಕೆಂಪಿನ ಆಕರ್ಷಣೆಯಿಂದ ಗುಂಪೇ ಬಂದು ಮುತ್ತುತ್ತದೆ. ಪಕ್ಕದ ಮನೆಯ ಅಜ್ಜಿ ನಮ್ಮ ಪೆಟ್ಟಿಗೆಯನ್ನು ನೋಡಿ, "ಕೆದರೋಕೆ ನೆಲ ಕೊಡ್ದೆ ಇದ್ರೆ ಒಂದನ್ನೊಂದು ಕೆದರ್ತವೆ, ಮೇಷ್ಟ್ರೇ" ಎಂದರು. ನಾನು ಆಮೇಲೆ ಪುಸ್ತಕಗಳಲ್ಲಿ ಓದಿದುದೂ ಇದನ್ನೇ.

ನನ್ನ ತಪ್ಪುಗಳನ್ನು ಲೆಕ್ಕ ಹಾಕಿ ನೋಡೋಣ. ಮೊದಲ ನಾಲ್ಕು ವಾರ ಮರಿಯೊಂದಕ್ಕೆ ಅರ್ಧ ಚದರಡಿ ಜಾಗ ಬೇಕು. ಹದಿನೈದಕ್ಕೆ ಏಳೂವರೆ ಚದರಡಿ. ನಾನು ಕೊಟ್ಟದ್ದು ಮೂರು. ಆ ವಯಸ್ಸಿನಲ್ಲಿ ತಿನ್ನಲು ಮರಿಯೊಂದಕ್ಕೆ ಎರಡಂಗುಲ ಅಂಚು ಇರಬೇಕು. ಆರಂಗುಲ ವ್ಯಾಸದ ನಮ್ಮ ತಟ್ಟೆಯ ಸುತ್ತಳತೆ ಸುಮಾರು ಹತ್ತೊಂಬತ್ತು ಅಂಗುಲ. ಅಂದರೆ ಒಂಬತ್ತು ಮರಿಗಳು ತಿನ್ನುವಾಗ ಆರು ಕಾಯಬೇಕು. ಕಾವು ಮೊದಲ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಇದ್ದು, ವಾರಕ್ಕೆ 5 ಡಿಗ್ರಿಯಂತೆ ಇಳಿಯಬೇಕು. ನಾನು ದೀಪವನ್ನು ಮೇಲಕ್ಕೆತ್ತಲೇ ಇಲ್ಲ. ಸೆಕೆಯೂ ಪ್ರಖರವಾದ ಬೆಳಕೂ ಮರಿಗಳನ್ನು ಕೆರಳಿಸುತ್ತವೆ. ಇನ್ನು ಆಹಾರ: ಎಳೆಯ ಮರಿಗೆ ನೂರಕ್ಕೆ ಇಪ್ಪತ್ತರಷ್ಟು ಸಸಾರಜನಕವಿರುವ ಮೇವು ಬೇಕು, ನುಚ್ಚಕ್ಕಿಯಲ್ಲಿ ಅದರ ಅರ್ಧವೂ ಇಲ್ಲ. ಸಸಾರಜನಕದ ಕೊರತೆಯೂ ಗರಿ ಕೀಳುವ ಚಾಳಿಗೆ ಒಂದು ಕಾರಣ.

ಹಾಗಾದರೆ ಮಾಡತಕ್ಕದ್ದೇನು? ರಕ್ತ ಕಂಡ ಮರಿಯನ್ನು ಆ ಕ್ಷಣವೇ ಬೇರ್ಪಡಿಸಿ, ಸಂಜೆಯವರೆಗೆ ಕಾಯಬೇಡಿ. ಗಾಯವನ್ನು ತೊಳೆದು, ನೊಣ ಕೂರದಂತೆ ನೋಡಿಕೊಳ್ಳಿ. ಗಾಯ ಆಳವಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಗುಣವಾದ ಮೇಲೆ ತಂತಿಬಲೆಯ ಮರೆಯಲ್ಲಿ ಕೆಲವು ದಿನ ಒಂದಕ್ಕೊಂದು ಕಾಣುವಂತಿಟ್ಟು, ಅನಂತರ ರಾತ್ರಿಯ ವೇಳೆ ಗುಂಪಿಗೆ ಸೇರಿಸಿ. ಕುಕ್ಕುವ ಮರಿ ಒಂದೇ ಆಗಿದ್ದರೆ ಅದನ್ನೂ ಕೆಲವು ದಿನ ಪ್ರತ್ಯೇಕವಾಗಿಡಿ. ಮರಳಿ ಬರುವ ಹೊತ್ತಿಗೆ ಅದರ ದರ್ಪ ಇಳಿದಿರುತ್ತದೆ. ಗುಂಪಿನಲ್ಲಿ ಒಂದೇ ವಯಸ್ಸಿನ ಮರಿಗಳಿರಲಿ. ನೆಲಕ್ಕೆ ಬತ್ತದ ಹೊಟ್ಟನ್ನು ಹರಡಿ, ಮೇಲೆ ಸ್ವಲ್ಪ ಕಾಳು ಚೆಲ್ಲಿ. ದಂಟಿನ ಸೊಪ್ಪಿನ ಕಟ್ಟೊಂದನ್ನು ಅವುಗಳ ತಲೆಯ ಎತ್ತರಕ್ಕೆ ತೂಗಹಾಕಿ. ಕೊಕ್ಕಿಗೆ ಕೆಲಸ ದೊರೆಯುತ್ತದೆ.

ದೊಡ್ಡ ಫಾರಮುಗಳಲ್ಲಿ ಮರಿಗಳ ಕೊಕ್ಕಿನ ತುದಿಯನ್ನು ಕಾದ ಅಲಗಿನಿಂದ ಕತ್ತರಿಸುವ ಪದ್ಧತಿಯಿದೆ. ಕೊಕ್ಕು ನಿರ್ಜೀವವಾದ ಉಗುರಲ್ಲ. ಅದರಲ್ಲಿ ನರಗಳಿವೆ, ನೋವಿದೆ. ನಾರ್ವೆ, ಸ್ವೀಡನ್ ಮೊದಲಾದ ದೇಶಗಳು ಇದನ್ನು ನಿಷೇಧಿಸಿವೆ. ಹತ್ತಿಪ್ಪತ್ತು ಮರಿಗಳನ್ನು ಸಾಕುವ ಮನೆಯವರಿಗೆ ಇದರ ಅವಶ್ಯಕತೆಯೇ ಇಲ್ಲ.

ಉಳಿದ ಹದಿನಾಲ್ಕು ಮರಿಗಳನ್ನು ಮಹಡಿಯ ಮೇಲೆ ವಿಶಾಲವಾದ ಆವರಣಕ್ಕೆ ಬಿಟ್ಟೆವು. ಎರಡು ಉದ್ದನೆಯ ತೊಟ್ಟಿಗಳಲ್ಲಿ ಸರಿಯಾದ ಮೇವಿಟ್ಟೆವು. ವಾರದೊಳಗೆ ಕುಕ್ಕಾಟ ನಿಂತಿತು. ಮರಿಗಳು ಅವೇ, ಬದಲಾದದ್ದು ನಾವು ಕೊಟ್ಟ ಜಾಗ, ಬೆಳಕು ಮತ್ತು ಆಹಾರ. ಮಕ್ಕಳು ತಮ್ಮ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡರು. ಆದರೆ ಆ ಚಿಕ್ಕ ಮರಿಯ ಮಾತು ಬಂದಾಗ ನನ್ನ ಮುಖವನ್ನು ನೋಡುವುದನ್ನು ಮಾತ್ರ ಅವರು ಬಿಟ್ಟಿಲ್ಲ.