ಅಪ್ಪ-ಅಮ್ಮ ಬೇಡ ಎಂದರೆ ತಮ್ಮ-ತಂಗಿಯನ್ನು ನೋಡುವಂತೆಯೇ ಇಲ್ಲವೇ?

“ಮನೆ ಬಿಟ್ಟು ಹೋದ ಅಕ್ಕನಿಗೆ ತಮ್ಮನ ಮೇಲೆ ಯಾವ ಹಕ್ಕೂ ಇಲ್ಲ.” “ಕೇಸ್ ಹಾಕಿದರೆ ಒಡಹುಟ್ಟಿದವರ ಭೇಟಿಗೆ ಕೋರ್ಟ್ ಒಪ್ಪಲೇಬೇಕು.” ತಂದೆ-ತಾಯಿ ಬೇರೆಯಾದಾಗ, ಮಗಳು ಮನೆಯವರ ಇಷ್ಟಕ್ಕೆ ವಿರುದ್ಧವಾಗಿ ಮದುವೆಯಾದಾಗ ಈ ಎರಡೂ ಮಾತು ಕೇಳಿಬರುತ್ತವೆ. ಎರಡೂ ಪೂರ್ತಿ ನಿಜವಲ್ಲ.

ಕಾನೂನಿನಲ್ಲಿ ಏನಿದೆ?

ಅಣ್ಣ-ಅಕ್ಕಂದಿರಿಗೆಂದೇ ಭೇಟಿಯ ಹಕ್ಕು ಕೊಡುವ ಪ್ರತ್ಯೇಕ ಕಲಂ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ ಇಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. ಇದೇ ಕಾಯ್ದೆಯ 8ನೇ ಕಲಂ ಪ್ರಕಾರ, ಮಗುವಿಗೆ ಪೋಷಕರನ್ನು ನೇಮಿಸಿ ಎಂದು ಮಗುವಿನ ಸಂಬಂಧಿಯೂ ಅರ್ಜಿ ಹಾಕಬಹುದು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 7ನೇ ಕಲಂ ಮಗುವಿನ ಸುಪರ್ದಿಯ ಜೊತೆಗೆ ಮಗುವಿನ ಭೇಟಿಯ ವಿಷಯವನ್ನೂ ಈ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿಸಿದೆ.

ಕೋರ್ಟ್ ಏನು ನೋಡುತ್ತದೆ?

ಮೊದಲು ನೋಡುವುದು ಮಗುವಿನ ಹಿತ, ನಿಮ್ಮ ಹಕ್ಕನ್ನಲ್ಲ. ಮಗುವಿಗೆ ತಿಳಿವಳಿಕೆಯ ವಯಸ್ಸಾಗಿದ್ದರೆ ಅದರ ಇಷ್ಟವನ್ನೂ ಕೇಳಬಹುದು. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೂರದಲ್ಲಿರುವವರಿಗೆ ವಿಡಿಯೋ ಕರೆಯ ಮೂಲಕ ಸಂಪರ್ಕವೂ ಮುಖ್ಯ ಎಂದಿತು. ಅದು ತಂದೆ-ತಾಯಿ ನಡುವಿನ ಪ್ರಕರಣ. ಒಡಹುಟ್ಟಿದವರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಮಗುವಿನ ಹಿತದ ವಾದಕ್ಕೆ ಬಲ ಕೊಡಬಲ್ಲದು. ತಂದೆ-ತಾಯಿ ಒಟ್ಟಿಗಿದ್ದು ಇಬ್ಬರೂ ಬೇಡ ಎಂದರೆ ದಾರಿ ಕಷ್ಟವೇ.

ಏನು ಮಾಡಬಹುದು?

• ಮೊದಲು ಹಿರಿಯರ ಮೂಲಕವೋ ಮಧ್ಯಸ್ಥಿಕೆಯ ಮೂಲಕವೋ ಮಾತನಾಡಿ.
• ಮಗು ವಾಸವಿರುವ ಊರಿಗೆ ಸೇರಿದ ಕೌಟುಂಬಿಕ ನ್ಯಾಯಾಲಯದಲ್ಲಿ, ಅದಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಿಸಿ.
• ನೀವು ಮಗುವನ್ನು ಸಾಕಿದ, ಶಾಲೆಗೆ ಕಳಿಸಿದ ದಾಖಲೆ, ಫೋಟೋ, ಮೆಸೇಜ್ ಇಟ್ಟುಕೊಳ್ಳಿ.
• ದೊಡ್ಡದನ್ನು ಕೇಳುವ ಬದಲು ವಾರಕ್ಕೊಂದು ಕರೆ, ತಿಂಗಳಿಗೊಂದು ಭೇಟಿ ಎಂದು ಸ್ಪಷ್ಟವಾಗಿ ಕೇಳಿ.

ಏನು ಮಾಡಬಾರದು?

ಶಾಲೆಯ ಗೇಟಿನಿಂದ ಹೇಳದೆ ಕೇಳದೆ ಕರೆದೊಯ್ಯಬೇಡಿ. ಮಗು ಖುಷಿಯಿಂದಲೇ ಬಂದರೂ, ಪೋಷಕರ ಒಪ್ಪಿಗೆಯಿಲ್ಲದೆ ಕರೆದೊಯ್ದರೆ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಂ ಪ್ರಕಾರ ಅಪಹರಣದ ಕೇಸ್ ಆಗಬಹುದು. ಶಿಕ್ಷೆ 7 ವರ್ಷದವರೆಗೆ. ಆಮೇಲೆ ಭೇಟಿ ಕೇಳುವ ನಿಮ್ಮ ಅರ್ಜಿಯೂ ದುರ್ಬಲವಾಗುತ್ತದೆ.

ಮಗುವಿಗೆ ಹೊಡೆತ, ಹಿಂಸೆ ಆಗುತ್ತಿದೆ ಎಂಬ ಅನುಮಾನವಿದ್ದರೆ ಭೇಟಿಯ ಅರ್ಜಿಗಾಗಿ ಕಾಯಬೇಡಿ. 1098ಕ್ಕೆ ಕರೆ ಮಾಡಿ. ವಕೀಲರ ಶುಲ್ಕದ ಚಿಂತೆಯಿದ್ದರೆ ಕಾನೂನು ನೆರವಿನ 15100 ಇದೆ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ. ಫಾರ್ವರ್ಡ್ ಮಾಡುವುದಾದರೆ ಈ ಎರಡು ನಂಬರ್ ಮಾಡಿ.