ಕೀ ಕೈಗೆ ಬಂದರೆ ಎಲ್ಲ ಸರಿಯಿದೆ ಅಂತಲ್ಲ

ಶಾಮನೂರು ರಸ್ತೆಯ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1979ರಲ್ಲಿ. ಅದಕ್ಕೂ ಮೊದಲೇ, 1951ರಿಂದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರಿಂದ ಜೆಜೆಎಂ ವೈದ್ಯಕೀಯ ಕಾಲೇಜು ದಾವಣಗೆರೆಯಲ್ಲಿವೆ. ಇಲ್ಲಿ ಓದಿದ ಎಷ್ಟೋ ಮಕ್ಕಳು ಈಗ ಟೆಕ್ಸಾಸ್, ಲಂಡನ್, ದುಬೈ, ಜರ್ಮನಿ ಅಂತ ನೆಲೆಸಿದ್ದಾರೆ. ಬೇಸಿಗೆ ಬಂತೆಂದರೆ ಅಪ್ಪ ಅಮ್ಮ ಮಕ್ಕಳ ಮನೆಗೆ ಹೊರಡುತ್ತಾರೆ. ಪಿ.ಬಿ. ರಸ್ತೆಯ ಜನಜಂಗುಳಿಯಲ್ಲಿ, ಹರಿಹರದ ಕಡೆಯ ಲಾರಿಗಳ ನಡುವೆ ವರ್ಷಗಟ್ಟಲೆ ಕಾರು ಓಡಿಸಿದವರಿಗೆ “ಅಲ್ಲೂ ಒಂದು ಕಾರು ಬಾಡಿಗೆಗೆ ತಗೊಂಡ್ರಾಯ್ತು ಬಿಡಿ” ಅನ್ನಿಸುವುದು ಸಹಜ. ಖಂಡಿತ ತಗೋಬಹುದು. ಆದರೆ ಈ ವಿಷಯದಲ್ಲಿ ಬಾಯಿಂದ ಬಾಯಿಗೆ ಹರಿದಾಡುವ ಮಾತುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು. ಆ ತಪ್ಪಿಗೆ ತೆರಬೇಕಾದ ದಂಡ ಡಾಲರಿನಲ್ಲೋ ಯೂರೋದಲ್ಲೋ ಇರುತ್ತದೆ.

ಮೊದಲನೆಯದು, “ಇಂಟರ್‌ನ್ಯಾಷನಲ್ ಲೈಸೆನ್ಸ್ ಮಾಡಿಸಿಬಿಟ್ರೆ ಎಲ್ಲಾ ದೇಶದಲ್ಲೂ ಓಡಿಸಬಹುದು” ಅನ್ನುವುದು. ಅದು ಲೈಸೆನ್ಸ್ ಅಲ್ಲ, ಪರ್ಮಿಟ್ಟು. 1949ರ ಜಿನೀವಾ ಒಪ್ಪಂದಕ್ಕೆ ಭಾರತ ಸೇರಿರುವುದರಿಂದ ನಮ್ಮ ಆರ್‌ಟಿಓ ಅದನ್ನು ಕೊಡುತ್ತದೆ. ಕೈಗೆ ಬರುವುದು ಫೋಟೋ ಅಂಟಿಸಿದ ಒಂದು ಸಣ್ಣ ಪುಸ್ತಕ. ನೀವು ಯಾವ ವರ್ಗದ ವಾಹನ ಓಡಿಸಬಹುದು ಅನ್ನುವುದನ್ನು ಅದರ ಹಾಳೆಗಳಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಮುದ್ರಿಸಿರುತ್ತಾರೆ. ಮೊದಲು ಒಂದೊಂದು ರಾಜ್ಯದಲ್ಲಿ ಒಂದೊಂದು ಬಣ್ಣ, ಒಂದೊಂದು ಅಳತೆ ಇರುತ್ತಿತ್ತು. ಹೊರದೇಶಗಳಲ್ಲಿ ಇದರಿಂದ ತೊಂದರೆಯಾಗುತ್ತಿದೆ ಎಂದು 2022ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ದೇಶಕ್ಕೆಲ್ಲ ಒಂದೇ ಮಾದರಿ ಮಾಡಿತು. ಕ್ಯೂಆರ್ ಕೋಡ್ ಕೂಡ ಬಂತು. ಈ ಪರ್ಮಿಟ್ಟಿನ ಆಯುಷ್ಯ ಒಂದು ವರ್ಷ, ಅಥವಾ ನಿಮ್ಮ ಡಿಎಲ್ ಮುಗಿಯುವವರೆಗೆ. ಇವೆರಡರಲ್ಲಿ ಯಾವುದು ಮೊದಲೋ ಅದು. ಮೂಲ ಡಿಎಲ್ ಜೊತೆಗಿಲ್ಲದಿದ್ದರೆ ಈ ಪುಸ್ತಕಕ್ಕೆ ಬೆಲೆಯಿಲ್ಲ. ಹಾಗೆಯೇ ಎಲ್‌ಎಲ್ಆರ್ (ಕಲಿಕಾ ಲೈಸೆನ್ಸ್) ಇಟ್ಟುಕೊಂಡವರಿಗೆ ಇದು ಸಿಗುವುದಿಲ್ಲ.

ಮಾಡಿಸುವುದು ದೊಡ್ಡ ತಲೆನೋವು ಅನ್ನುವ ಮಾತೂ ಈಗ ಹಳತಾಯಿತು. ಸಾರಿಗೆ ಸಚಿವಾಲಯದ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ನಮೂನೆ 4ಎ, ಪಾಸ್‌ಪೋರ್ಟು, ಡಿಎಲ್, ಒಂದು ಸಾವಿರ ರೂಪಾಯಿ ಶುಲ್ಕ. 2021ರ ಜನವರಿಯ ಅಧಿಸೂಚನೆ ಬಂದ ಮೇಲೆ ಅರ್ಜಿ ಹಾಕುವಾಗಲೇ ವೀಸಾ ತೋರಿಸಬೇಕೆಂಬ ನಿಯಮವನ್ನು, ವೈದ್ಯಕೀಯ ಪ್ರಮಾಣಪತ್ರದ ನಿಯಮವನ್ನು ತೆಗೆದಿದ್ದಾರೆ. ವಿದೇಶದಲ್ಲಿರುವಾಗಲೇ ಪರ್ಮಿಟ್ಟಿನ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಹೊಸದಕ್ಕೆ ಕೇಳಿಕೊಳ್ಳಲು ಅದೇ ಅಧಿಸೂಚನೆ ದಾರಿ ಮಾಡಿಕೊಟ್ಟಿತು. ಇಷ್ಟು ಸುಲಭವಿರುವಾಗ ಇಂಟರ್ನೆಟ್ಟಿನಲ್ಲಿ ಯಾರೋ ಮಾರುವ “ಮೂರು ವರ್ಷದ”, “ಹತ್ತು ವರ್ಷದ” ಕಾರ್ಡುಗಳಿಗೆ ದಯವಿಟ್ಟು ದುಡ್ಡು ಹಾಕಬೇಡಿ. ಜಿನೀವಾ ಒಪ್ಪಂದದ ಪರ್ಮಿಟ್ಟು ಒಂದು ವರ್ಷಕ್ಕಿಂತ ಹೆಚ್ಚಿಗೆ ಇರುವುದೇ ಇಲ್ಲ.

ಎಲ್ಲಾ ದೇಶದಲ್ಲೂ ನಡೆಯುತ್ತದೆಯೇ ಅಂದರೆ, ಇಲ್ಲ. ಚೀನಾದಲ್ಲಿ ನಡೆಯುವುದಿಲ್ಲ. ಜಪಾನಿನಲ್ಲಿ 1949ರ ಒಪ್ಪಂದದ ಪರ್ಮಿಟ್ಟೇ ಬೇಕು, ಹಾಗಾಗಿ ನಮ್ಮದು ಅಲ್ಲಿ ಸಲ್ಲುತ್ತದೆ. ಬ್ರಿಟನ್ನಿಗೆ ಹೋದವರು ನಮ್ಮ ಡಿಎಲ್‌ನಲ್ಲೇ 12 ತಿಂಗಳವರೆಗೆ ಕಾರು ಓಡಿಸಬಹುದು.

ಇಲ್ಲೇ ಇನ್ನೊಂದು ಗೊಂದಲ ಹುಟ್ಟುತ್ತದೆ. ನೋಡಲು ಹೋದವರ ನಿಯಮ ಬೇರೆ, ಅಲ್ಲೇ ವಾಸಕ್ಕಿರುವವರ ನಿಯಮ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸಿ ತಂದೆ ದಾವಣಗೆರೆಯ ಡಿಎಲ್ ಹಿಡಿದು ಓಡಿಸಬಹುದು. ಕೆಲಸಕ್ಕೆ ಸೇರಿದ ಮಗ ಅಲ್ಲಿನ ನಿವಾಸಿಯಾದ 10 ದಿನದೊಳಗೆ ಅಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಟೆಕ್ಸಾಸಿನಲ್ಲಿ 90 ದಿನ, ಜರ್ಮನಿಯಲ್ಲಿ ಆರು ತಿಂಗಳು. ದುಬೈಯಲ್ಲಿ ರೆಸಿಡೆನ್ಸ್ ವೀಸಾ ಬಂತೆಂದರೆ ಅಲ್ಲಿನ ಲೈಸೆನ್ಸೇ ಆಗಬೇಕು. “ನಮ್ಮ ಹುಡುಗ ಊರಿನ ಲೈಸೆನ್ಸಲ್ಲೇ ಎರಡು ವರ್ಷದಿಂದ ಓಡಿಸ್ತಿದಾನೆ” ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಆ ಹುಡುಗನ ಬಗ್ಗೆ ಆತಂಕವಾಗುತ್ತದೆ.

ಯಾಕೆ ಆತಂಕ ಅಂದರೆ, ಎಲ್ಲಕ್ಕಿಂತ ಅಪಾಯದ ನಂಬಿಕೆ ಇದಕ್ಕೇ ತಳಕು ಹಾಕಿಕೊಂಡಿದೆ. “ಕೌಂಟರಿನಲ್ಲಿ ಕೀ ಕೊಟ್ಟರಲ್ಲ, ಅಂದಮೇಲೆ ಎಲ್ಲ ಸರಿ ಇದೆ.” ಇಲ್ಲ. ಕಾರು ಕೊಡುವುದು ಕಂಪನಿಯ ವ್ಯವಹಾರ. ಓಡಿಸಲು ಬಿಡುವುದು ಆ ನೆಲದ ಕಾನೂನು. ಅಪಘಾತವಾದರೆ ಹಣ ತುಂಬುವುದು ವಿಮೆ. ಮೂರೂ ಬೇರೆ ಬೇರೆ. ಕೌಂಟರಿನ ಹುಡುಗ ಪರ್ಮಿಟ್ಟು ಕೇಳದೆ ಕೀ ಕೊಟ್ಟಿರಬಹುದು. ಮುಂದೆ ಪೊಲೀಸರು ಕೇಳುತ್ತಾರೆ. ಅವರೂ ಕೇಳದೆ ಬಿಟ್ಟರೂ, ಗುದ್ದಿಕೊಂಡ ದಿನ ವಿಮಾ ಕಂಪನಿ ಕೇಳದೆ ಬಿಡುವುದಿಲ್ಲ. ಕಾನೂನಿನ ಪ್ರಕಾರ ಅರ್ಹತೆಯಿಲ್ಲದವರು ಓಡಿಸಿದ್ದಾರೆ ಎಂದು ಸಾಬೀತಾದರೆ ನಷ್ಟ ನಿಮ್ಮ ಮೇಲೆ ಬೀಳಬಹುದು.

ಬಾಡಿಗೆ ಒಪ್ಪಂದದ ಹಾಳೆಯಲ್ಲಿ ಚಾಲಕರ ಹೆಸರಿಗೆ ಒಂದು ಜಾಗ ಇರುತ್ತದೆ. ಅದರ ಕೆಳಗೆ ಹೆಚ್ಚುವರಿ ಚಾಲಕರು ಅಂತ ಇನ್ನೊಂದು ಸಾಲು. ಮಗನ ಹೆಸರಿನಲ್ಲಿ ಕಾರು ಪಡೆದು ಆ ಸಾಲು ಖಾಲಿಯಿದ್ದರೆ ಆ ಕಾರನ್ನು ಮಗನೊಬ್ಬನೇ ಓಡಿಸಬೇಕು. ದಾರಿಯಲ್ಲಿ ಅವನಿಗೆ ನಿದ್ದೆ ಬಂತೆಂದು ಅಪ್ಪ ಸ್ಟೇರಿಂಗ್ ಹಿಡಿಯುವುದು ನಮ್ಮಲ್ಲಿ ಪ್ರೀತಿಯ ಕೆಲಸ, ಅಲ್ಲಿ ಒಪ್ಪಂದದ ಉಲ್ಲಂಘನೆ. ಹೆಸರು ಸೇರಿಸಲು ಸ್ವಲ್ಪ ಹಣ ಕೇಳುತ್ತಾರೆ. ಕೊಟ್ಟುಬಿಡಿ.

“ಫುಲ್ ಇನ್ಶೂರೆನ್ಸ್ ಇದೆ” ಎಂಬ ಮಾತನ್ನೂ ಹಾಗೇ ನಂಬಬಾರದು. ಕಾರಿನ ಹಾನಿಗೆ ರಕ್ಷಣೆ ಇದ್ದರೂ ಇಂತಿಷ್ಟು ಮೊತ್ತದವರೆಗೆ ನೀವೇ ಕಟ್ಟಬೇಕೆಂಬ ಷರತ್ತು ಸಾಮಾನ್ಯ. ಟೈರು, ಗಾಜು, ಕಾರಿನ ತಳಭಾಗ ಎಷ್ಟೋ ಸಲ ಅದರಲ್ಲಿ ಬರುವುದಿಲ್ಲ. ಇನ್ನೊಬ್ಬರಿಗೆ ಆದ ಗಾಯ, ಅವರ ವಾಹನದ ನಷ್ಟ ಬೇರೆಯದೇ ಲೆಕ್ಕ. ಅಮೆರಿಕದ ಆಸ್ಪತ್ರೆಯ ಬಿಲ್ಲಿನ ಮುಂದೆ ಅಲ್ಲಿನ ರಾಜ್ಯಗಳು ಕಡ್ಡಾಯ ಮಾಡಿರುವ ಕನಿಷ್ಠ ಮೊತ್ತ ಏನೇನೂ ಸಾಲದು, ಅದನ್ನು ಹೆಚ್ಚಿಸಿಕೊಳ್ಳುವುದೇ ಒಳ್ಳೆಯದು. ಇಲ್ಲಿನ ನಮ್ಮ ಕಾರಿನ ಪಾಲಿಸಿಯಂತೂ ಅಲ್ಲಿಗೆ ಮುಟ್ಟುವುದೇ ಇಲ್ಲ. ಹೆಚ್ಚುವರಿ ಹಣ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾದಂಥ ನೆರೆದೇಶಗಳವರೆಗೆ ವಿಸ್ತರಿಸಿಕೊಳ್ಳಬಹುದು, ಅಷ್ಟೇ.

ಹಣದ ವಿಷಯದಲ್ಲಿ ಒಂದೇ ಮಾತು: ಹೆಚ್ಚಿನ ಕಂಪನಿಗಳಿಗೆ ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡು ಬೇಕು. ಠೇವಣಿಯ ಮೊತ್ತವನ್ನು ಅದರಲ್ಲಿ ತಡೆಹಿಡಿಯುತ್ತಾರೆ. ಫಾರೆಕ್ಸ್ ಕಾರ್ಡೊಂದನ್ನೇ ನಂಬಿ ಹೋದರೆ ಕೌಂಟರಿನಲ್ಲೇ ನಿಲ್ಲಬೇಕಾದೀತು.

ಇನ್ನು ಓಡಿಸುವ ಮಾತು. “ಬಲಗಡೆ ಓಡಿಸೋದೇ ದೊಡ್ಡ ಕಷ್ಟ” ಅನ್ನುತ್ತಾರೆ. ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಥಾಯ್ಲೆಂಡ್, ಮಲೇಷ್ಯಾ, ದಕ್ಷಿಣ ಆಫ್ರಿಕಾಗಳಲ್ಲಿ ನಮ್ಮ ಹಾಗೇ ಎಡಗಡೆಯೇ. ಅಮೆರಿಕದಲ್ಲಿ, ಯುರೋಪಿನ ಹೆಚ್ಚಿನ ಕಡೆ ಬಲಗಡೆ. ಅಲ್ಲೂ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ನಮ್ಮ ಕ್ರಮದಲ್ಲೇ ಇರುತ್ತವೆ. ಇಂಡಿಕೇಟರ್ ಕಡ್ಡಿ ಮಾತ್ರ ಎಡಗೈಗೆ ಬರುತ್ತದೆ. ಮಾರುತಿ ಓಡಿಸಿ ರೂಢಿಯಾದ ಕೈ ತಿರುವಿನಲ್ಲಿ ಬಲಗಡೆಯ ಕಡ್ಡಿ ಒತ್ತಿದರೆ ಬಿಸಿಲಿನಲ್ಲೇ ವೈಪರ್ ಓಡತೊಡಗುತ್ತದೆ, ಹಿಂದಿನವರಿಗೆ ಸೂಚನೆ ಹೋಗುವುದಿಲ್ಲ. ವಾಹನ ತುಂಬಿದ ರಸ್ತೆಯಲ್ಲಿ ಅಷ್ಟು ಭಯವಿಲ್ಲ, ಮುಂದಿನ ಕಾರಿನ ಹಿಂದೆ ಹೋದರಾಯಿತು. ಕೈ ತಪ್ಪುವುದು ಖಾಲಿ ರಸ್ತೆಯಲ್ಲಿ: ಬೆಳಗ್ಗೆ ಪೆಟ್ರೋಲ್ ಬಂಕಿನಿಂದ ಹೊರಗೆ ತಿರುಗುವಾಗ, ಪಾರ್ಕಿಂಗಿನಿಂದ ರಸ್ತೆಗೆ ಇಳಿಯುವಾಗ ಮನಸ್ಸು ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ತಿರುವಿನಲ್ಲೂ “ಬಲಕ್ಕೆ, ಬಲಕ್ಕೆ” ಎಂದು ಬಾಯಿಬಿಟ್ಟು ಹೇಳುತ್ತಿದ್ದರೆ ಎಷ್ಟೋ ಉಪಕಾರ.

ಅದಕ್ಕಿಂತ ಕಷ್ಟದ್ದು ನಮ್ಮ ಅಭ್ಯಾಸ ಬಿಡುವುದು. ಅಮೆರಿಕದಲ್ಲಿ ಸ್ಟಾಪ್ ಫಲಕ ಕಂಡರೆ ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ನಾಲ್ಕೂ ಕಡೆ ಆ ಫಲಕವಿದ್ದರೆ ಮೊದಲು ಬಂದು ನಿಂತವರಿಗೆ ಮೊದಲ ಸರದಿ. ಕೆಂಪು ದೀಪ ಮಿನುಗಿಸುತ್ತಾ ಶಾಲಾ ಬಸ್ಸು ನಿಂತಿದ್ದರೆ ಹಿಂದಿನವರಷ್ಟೇ ಅಲ್ಲ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಸಾಮಾನ್ಯವಾಗಿ ಎದುರಿನಿಂದ ಬರುವವರೂ ನಿಲ್ಲಬೇಕು. ನಾವು ಹೆಡ್‌ಲೈಟ್ ಮಿನುಗಿಸಿದರೆ “ನಾ ಬರ್ತಿದೀನಿ, ನಿಲ್ಲು” ಅಂತ. ಬ್ರಿಟನ್ನಿನಲ್ಲಿ ಅನೇಕರು “ನೀವು ಹೋಗಿ” ಅನ್ನಲು ಮಿನುಗಿಸುತ್ತಾರೆ. ಎರಡೂ ಅರ್ಥ ಒಂದೇ ಕೂಡುರಸ್ತೆಯಲ್ಲಿ ಎದುರಾದರೆ ಏನಾಗುತ್ತದೆಂದು ಊಹಿಸಿ. ಬ್ರಿಟನ್ನಿನಲ್ಲಿ ಜನವಸತಿ ಇರುವ ಕಡೆ ರಾತ್ರಿ ಹನ್ನೊಂದೂವರೆಯಿಂದ ಬೆಳಗ್ಗೆ ಏಳರವರೆಗೆ ಹಾರ್ನ್ ಬಾರಿಸುವುದೇ ತಪ್ಪು. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಂತೆಯೂ ಇಲ್ಲ. ಬ್ರಿಟನ್ನಿನಲ್ಲಿ 12 ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರವಾಗುವವರೆಗೆ ಮಕ್ಕಳ ಸೀಟು ಬೇಕು.

ಕೊನೆಯದಾಗಿ, “ಕ್ಯಾಮೆರಾದಲ್ಲಿ ಸಿಕ್ಕರೂ ನಾವು ಊರಿಗೆ ಬಂದಮೇಲೆ ಏನ್ಮಾಡ್ತಾರೆ?” ದಂಡದ ನೋಟಿಸು ಮೊದಲು ಹೋಗುವುದು ಕಾರಿನ ಮಾಲೀಕರಾದ ಬಾಡಿಗೆ ಕಂಪನಿಗೆ. ಅವರು ನಿಮ್ಮ ಹೆಸರು ವಿಳಾಸ ಕೊಡುತ್ತಾರೆ. ಆ ಕೆಲಸಕ್ಕೆಂದು ತಮ್ಮ ಶುಲ್ಕವನ್ನು ನಿಮ್ಮ ಕಾರ್ಡಿನಿಂದ ಕಡಿತ ಮಾಡಿಕೊಳ್ಳುತ್ತಾರೆ. ದಂಡ ಬೇರೆ, ಈ ಶುಲ್ಕ ಬೇರೆ. ತಿಂಗಳುಗಳ ನಂತರವೂ ಇದು ಬರಬಹುದು; ಕಾರಿಗೆ ಹಾನಿಯಾಗಿದೆ ಎಂಬ ಬಿಲ್ಲೂ ಹಾಗೆಯೇ. ಆದ್ದರಿಂದ ಕಾರು ಪಡೆಯುವಾಗಲೂ ಮರಳಿಸುವಾಗಲೂ ನಾಲ್ಕೂ ಬದಿ, ಚಕ್ರದ ರಿಮ್ಮು, ಗಾಜು, ಪೆಟ್ರೋಲ್ ಮುಳ್ಳು, ಕಿಲೋಮೀಟರ್ ಅಂಕಿ ಎಲ್ಲವೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಹಳೆಯ ಗೀರಿದ್ದರೆ ಒಪ್ಪಂದದ ಹಾಳೆಯಲ್ಲಿ ಬರೆಸಿ. ಆ ಹಾಳೆಯನ್ನೂ ಕೊನೆಯ ರಸೀತಿಯನ್ನೂ ಊರಿಗೆ ಬಂದ ಮೇಲೆ ಒಂದು ವರ್ಷವಾದರೂ ಎಸೆಯಬೇಡಿ.