ವಾದ್ಯದ ಮೇಲಿನ ಹೆಸರೂ ಅದರ ಹುಟ್ಟೂರೂ

ಒಂದು ವಸ್ತುವಿನ ಮೇಲೆ ಬರೆದಿರುವ ಹೆಸರು ಅದನ್ನು ಮಾಡಿದವರ ಹೆಸರೆಂದು ನಾವೆಲ್ಲರೂ ಸಹಜವಾಗಿ ಭಾವಿಸುತ್ತೇವೆ. ಆದರೆ ವಿದ್ಯುತ್ ಗಿಟಾರಿನ ವಿಷಯದಲ್ಲಿ ಈ ಭಾವನೆಯು ಅನೇಕ ವೇಳೆ ತಪ್ಪಾಗುತ್ತದೆ. 1960 ಮತ್ತು 1970ರ ದಶಕಗಳಲ್ಲಿ ಅಮೇರಿಕಾ ದೇಶದಲ್ಲಿ ಮಾರಾಟವಾದ ಅರೆಟೊಳ್ಳು ಗಿಟಾರುಗಳು ಅಲ್ಲಿಯ ಹಳೆಯ ಮನೆಗಳಿಂದ ಇಂದಿಗೂ ಹೊರಬರುತ್ತಲಿವೆ. ಕೆಲವುಗಳ ತಲೆಯ ಮೇಲೆ ಹೆಸರೇ ಇಲ್ಲ. ಕೆಲವುಗಳ ಮೇಲೆ ಹೆಸರಿದೆ, ಆದರೆ ಆ ಹೆಸರಿನ ಕಾರ್ಖಾನೆಯೊಂದು ಎಂದೂ ಇದ್ದಿಲ್ಲ. ಹಾಗಾದರೆ ಅದು ಯಾರ ಕೈಕೆಲಸ? ಯಾವ ಊರಿನದು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಕ್ರಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಇಲ್ಲಿ ಸಂಕ್ಷೇಪವಾಗಿ ವಿವರಿಸುವೆನು.

ಮೊದಲು ಅರೆಟೊಳ್ಳು ಗಿಟಾರ್ ಎಂದರೇನೆಂಬುದನ್ನು ತಿಳಿಯೋಣ. ವೀಣೆಯ ಕೊಡದಂತೆ ಸಾಮಾನ್ಯ ಗಿಟಾರಿನ ಒಡಲೂ ಟೊಳ್ಳು. ತಂತಿಯ ಕಂಪನವು ಒಡಲನ್ನೂ ಅದರೊಳಗಣ ಗಾಳಿಯನ್ನೂ ಅಲುಗಿಸಿ ನಾದವನ್ನು ಹಿಗ್ಗಿಸುತ್ತದೆ. ವಿದ್ಯುತ್ ಗಿಟಾರಿನಲ್ಲಾದರೋ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ, ಕೂದಲೆಳೆಯಷ್ಟು ಸಣ್ಣದಾದ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿಯು ಕಂಪಿಸಿದಾಗ ಸುರುಳಿಯಲ್ಲಿ ಕಿಂಚಿತ್ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದು. ಆ ವಿದ್ಯುತ್ತನ್ನು ಬಲಪಡಿಸಿ ಧ್ವನಿವರ್ಧಕಕ್ಕೆ ಒದಗಿಸಿದರೆ ನಾದವು ದೊಡ್ಡ ಸಭಾಮಂದಿರವನ್ನೂ ತುಂಬುತ್ತದೆ. ಆದರೆ ಒಡಲು ಪೂರ್ಣವಾಗಿ ಟೊಳ್ಳಾಗಿದ್ದರೆ ಧ್ವನಿವರ್ಧಕದ ಶಬ್ದವೇ ಮರಳಿ ಅದನ್ನು ಅಲುಗಿಸಿ, ತಡೆಯಲಾರದ ಕೂಗಾಗಿ ಪರಿಣಮಿಸುತ್ತದೆ. ಶಾಲೆಯ ಸಭೆಗಳಲ್ಲಿ ಧ್ವನಿವರ್ಧಕವು ಹಠಾತ್ತಾಗಿ ಕಿರಿಚುವುದನ್ನು ಕೇಳಿದವರಿಗೆ ಇದರ ಪರಿಚಯವಿರುವುದು.

ಈ ದೋಷವನ್ನು ನಿವಾರಿಸುವುದಕ್ಕಾಗಿ ಮಿಷಿಗನ್ ಸಂಸ್ಥಾನದ ಕಲಮಜೂ ಪಟ್ಟಣದಲ್ಲಿದ್ದ ಗಿಬ್ಸನ್ ಕಂಪೆನಿಯವರು, ಟೆಡ್ ಮೆಕಾರ್ಟಿ ಎಂಬವರು ಅಧ್ಯಕ್ಷರಾಗಿದ್ದಾಗ, 1958ರಲ್ಲಿ ‘ಇ.ಎಸ್. 335’ ಎಂಬ ಮಾದರಿಯನ್ನು ಹೊರತಂದರು. ಸುಮಾರು 16 ಅಂಗುಲ ಅಗಲವೂ 1¾ ಅಂಗುಲ ದಪ್ಪವೂ ಉಳ್ಳ ತೆಳುವಾದ ಒಡಲಿನ ನಡುವೆ ಮೇಪಲ್ ಮರದ ತುಂಡೊಂದನ್ನು ಉದ್ದಕ್ಕೂ ಕೂಡಿಸಿ, ಎರಡು ಪಕ್ಕಗಳನ್ನು ಮಾತ್ರ ಟೊಳ್ಳಾಗಿ ಬಿಟ್ಟರು. ಕೂಗು ತಗ್ಗಿತು, ನಾದದ ಮಾಧುರ್ಯವು ಉಳಿಯಿತು. ಆದರೆ ಅದರ ಬೆಲೆಯು ಆಗಿನ ಕಾಲಕ್ಕೆ 267½ ಡಾಲರು. ಸಾಮಾನ್ಯ ಕುಟುಂಬದ ಮಕ್ಕಳಿಗೆ ಎಟುಕುವಂಥದಲ್ಲ. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಎಂಬ ಇಂಗ್ಲಿಷ್ ಗಾಯಕರ ಮೇಳವು ಅಮೇರಿಕಾದ ದೂರದರ್ಶನದಲ್ಲಿ ಕಾಣಿಸಿಕೊಂಡ ಮೇಲಂತೂ ಮನೆಮನೆಯಲ್ಲಿಯೂ ಮಕ್ಕಳು ಗಿಟಾರಿಗಾಗಿ ಹಂಬಲಿಸಿದರು. ಅಗ್ಗದ ವಾದ್ಯಗಳಿಗೆ ಬೇಡಿಕೆ ಹೆಚ್ಚಿತು.

ಮೂಲವು ಮರೆಯಾದದ್ದು ಈ ವ್ಯಾಪಾರದ ಪದ್ಧತಿಯಿಂದಲೇ. ವರ್ತಕರು ಕಾರ್ಖಾನೆಯಿಂದ ವಾದ್ಯಗಳನ್ನು ಕೊಂಡು ತಮಗೆ ಬೇಕಾದ ಹೆಸರನ್ನು ಹಾಕಿಸಿ ಮಾರುತ್ತಿದ್ದರು. ಸಿಯರ್ಸ್ ಎಂಬ ದೊಡ್ಡ ಅಂಗಡಿಯವರ ‘ಸಿಲ್ವರ್‌ಟೋನ್’ ಎಂಬ ಒಂದೇ ಹೆಸರಿನ ಗಿಟಾರುಗಳನ್ನು ಹಾರ್ಮನಿ, ಕೇ, ಡ್ಯಾನೆಲೆಕ್ಟ್ರೋ ಮುಂತಾದ ಬೇರೆಬೇರೆ ಕಾರ್ಖಾನೆಗಳು ಮಾಡಿಕೊಟ್ಟವು. ‘ಎಪಿಫೋನ್’ ಎಂಬುದು ಮೊದಲು ನ್ಯೂಯಾರ್ಕಿನ ಒಂದು ಗ್ರೀಕ್ ಕುಟುಂಬದವರ ಹೆಸರುವಾಸಿಯಾದ ಸಂಸ್ಥೆ. 1957ರಲ್ಲಿ ಗಿಬ್ಸನ್ ಕಂಪೆನಿಯ ಒಡೆಯರು ಅದನ್ನು ಕೊಂಡರು. ಕೆಲಸವು ಕಲಮಜೂಗೆ ಬಂದಿತು. 1970ರ ಸುಮಾರಿಗೆ ಜಪಾನಿಗೆ ಹೋಯಿತು. ಹೀಗೆ ಹೆಸರು ಒಂದೇ, ಹುಟ್ಟೂರು ಮೂರು.

ಇದಕ್ಕೆ ಪ್ರತಿಯಾಗಿ ಒಂದೇ ಕಾರ್ಖಾನೆಯಿಂದ ಹಲವು ಹೆಸರುಗಳು ಹೊರಟದ್ದೂ ಉಂಟು. ಜಪಾನಿನ ಮತ್ಸುಮೊಟೊ ನಗರದ ಮತ್ಸುಮೊಕು ಎಂಬ ಮರಗೆಲಸದ ಕಾರ್ಖಾನೆಯು ಇದಕ್ಕೆ ಒಳ್ಳೆಯ ನಿದರ್ಶನ. ನಮ್ಮ ಹೆಣ್ಣುಮಕ್ಕಳಿಗೆ ಚಿರಪರಿಚಿತವಾದ ಸಿಂಗರ್ ಹೊಲಿಗೆ ಯಂತ್ರಕ್ಕೆ ಮರದ ಪೆಟ್ಟಿಗೆಗಳನ್ನು ಮಾಡುತ್ತಿದ್ದ ಕಾರ್ಖಾನೆಯದು. ಮರವನ್ನು ಕೊರೆದು, ಬಾಗಿಸಿ, ಅಂಟಿಸಿ, ಮೆರುಗೆಣ್ಣೆ ಹಚ್ಚುವುದರಲ್ಲಿ ಪಳಗಿದ ಆ ಕೈಗಳೇ ಮುಂದೆ ಗಿಟಾರುಗಳನ್ನು ಮಾಡಿದವು. ಏರಿಯಾ, ಯುನಿವಾಕ್ಸ್, ಎಪಿಫೋನ್, ವೆಸ್ಟೋನ್ ಮುಂತಾದ ಹೆಸರುಗಳಲ್ಲಿ ಅವು ದೇಶದೇಶಗಳಿಗೆ ಹೋದವು. 1987ರಲ್ಲಿ ಆ ಕಾರ್ಖಾನೆಯು ಮುಚ್ಚಿತು. ಮಾಡಿದವರ ಹೆಸರು ಮಾತ್ರ ವಾದ್ಯದ ತಲೆಯ ಮೇಲೆ ಇರಲಿಲ್ಲ.

ಆದಕಾರಣ ಮೂಲವನ್ನು ಅರಿಯಲು ಹೆಸರನ್ನು ಬಿಟ್ಟು ಕೆಲಸವನ್ನೇ ಓದಬೇಕು. ಮೊದಲನೆಯದಾಗಿ, ಪರದೇಶದ ಸರಕಿನ ಮೇಲೆ ಅದು ಹುಟ್ಟಿದ ದೇಶದ ಹೆಸರಿರಬೇಕೆಂದು ಅಮೇರಿಕಾದ 1930ರ ಸುಂಕದ ಶಾಸನವು ವಿಧಿಸಿತ್ತು. ಆದರೆ ಚೀಟಿಯು ಕಾಲಕ್ರಮದಲ್ಲಿ ಉದುರಿಹೋಗಿರಬಹುದು. ಎರಡನೆಯದಾಗಿ, ಒಡಲಿನ ರಂಧ್ರದೊಳಗೆ ಇಣಿಕಿ ನೋಡಬೇಕು. 1970ರ ದಶಕದ ಎಪಿಫೋನ್ ವಾದ್ಯಗಳಲ್ಲಿ ನೀಲಿ ಚೀಟಿಯ ಮೇಲೆ ಕಲಮಜೂ ಎಂದೂ, ಜಪಾನಿನಲ್ಲಿ ಮಾಡಿದ್ದೆಂದೂ, ಎರಡನ್ನೂ ಮುದ್ರಿಸಿರುವುದುಂಟು. ಮೂರನೆಯದಾಗಿ, ಕುತ್ತಿಗೆಯ ಕೂಡಿಕೆಯನ್ನು ನೋಡಬೇಕು. ಕಲಮಜೂವಿನವರು ಕುತ್ತಿಗೆಯನ್ನು ಅಂಟಿನಿಂದ ಕೂಡಿಸುತ್ತಿದ್ದರು; ಆ ಕಾಲದ ಅನೇಕ ಜಪಾನೀ ವಾದ್ಯಗಳಲ್ಲಿ ಅದನ್ನು ತಿರುಪುಮೊಳೆಗಳಿಂದ ಬಿಗಿದಿದೆ. ನಾಲ್ಕನೆಯದಾಗಿ, ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಗಳ ಕೆಳಗಿರುವ ಬಿಡಿಭಾಗವನ್ನು ನೋಡಬೇಕು. ಅಮೇರಿಕಾದ ಭಾಗವಾಗಿದ್ದರೆ ಅದರ ಬೆನ್ನಿನ ಮೇಲೆ 1376633 ಎಂಬಂತಹ ಅಂಕಿಗಳಿರುತ್ತವೆ. 137 ಎಂಬುದು ಸಿ.ಟಿ.ಎಸ್. ಎಂಬ ತಯಾರಕರ ಗುರುತು. 66 ಎಂದರೆ 1966ನೆಯ ಇಸವಿ. 33 ಎಂದರೆ ಆ ವರ್ಷದ ಮೂವತ್ತಮೂರನೆಯ ವಾರ. ಹಳೆಯ ಬೆಸುಗೆಯು ಕದಲದೆ ಇದ್ದರೆ ವಾದ್ಯವು ಆ ವಾರಕ್ಕಿಂತ ಹಿಂದಿನದಾಗಿರಲಾರದು.

ಯಾವ ಒಂದು ಗುರುತನ್ನೂ ಒಂಟಿಯಾಗಿ ನಂಬಬಾರದು. ಗಿಬ್ಸನ್ ಕಂಪೆನಿಯವರೇ 1960ರ ದಶಕದಲ್ಲಿ ಒಂದೇ ಕ್ರಮಸಂಖ್ಯೆಯನ್ನು ಹಲವು ವಾದ್ಯಗಳಿಗೆ ಹಾಕಿದ್ದರು. ಮೂರು ನಾಲ್ಕು ಗುರುತುಗಳು ಒಂದೇ ಮಾತನ್ನು ನುಡಿದಾಗಲೇ ನಿಶ್ಚಯಕ್ಕೆ ಬರುವುದು ನ್ಯಾಯ.

ಇದರಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಮೂಲವನ್ನರಿಯದೆ ಒಬ್ಬರು ಒಳ್ಳೆಯ ವಾದ್ಯವನ್ನು ಕಸದ ಬೆಲೆಗೆ ಮಾರುತ್ತಾರೆ. ಮತ್ತೊಬ್ಬರು ಬರಿಯ ಹೆಸರಿಗೆ ಮರುಳಾಗಿ ಹಣವನ್ನು ಕಳೆದುಕೊಳ್ಳುತ್ತಾರೆ. ಇದಕ್ಕಿಂತಲೂ ದೊಡ್ಡ ಸಂಗತಿಯೊಂದಿದೆ. ಬಹುಕಾಲ ಅಗ್ಗದ ಅನುಕರಣವೆಂದು ಜನರು ಹಳಿದ ಜಪಾನೀ ವಾದ್ಯಗಳಲ್ಲಿ ಅನೇಕವು ಐವತ್ತು ವರ್ಷಗಳ ಮೇಲೆಯೂ ಕುತ್ತಿಗೆ ಬಾಗದೆ, ಅಂಟು ಬಿಡದೆ ನುಡಿಯುತ್ತಿವೆ. ಹೆಸರು ಬರೆಸಿಕೊಳ್ಳದ ಕೆಲಸಗಾರರ ನಿಷ್ಠೆಗೆ ಅವೇ ಸಾಕ್ಷಿ. ಆದುದರಿಂದ ಹಿರಿಯರಿಂದ ಬಂದ ವಾದ್ಯವಾಗಲಿ, ಹೊಲಿಗೆ ಯಂತ್ರವಾಗಲಿ, ಗಡಿಯಾರವಾಗಲಿ ನಿಮ್ಮ ಕೈಸೇರಿದರೆ, ಹೊಳಪಿನ ಆಸೆಯಿಂದ ಉಜ್ಜಿ ಬಣ್ಣ ಬಳಿಯುವುದಕ್ಕೆ ಮುಂಚೆ ಅದರ ಒಳಗನ್ನು ನಿಧಾನವಾಗಿ ನೋಡಿರಿ. ಚೀಟಿಯನ್ನು ಕೀಳಬೇಡಿರಿ, ಹಳೆಯ ಮೊಳೆಯನ್ನು ಎಸೆಯಬೇಡಿರಿ. ಅದನ್ನು ಮಾಡಿದವರು ಬಿಟ್ಟುಹೋದ ಸಹಿಯು ಅಷ್ಟೇ ಆಗಿರಬಹುದು.